ತಟ್ಟು, ರೇಸ್ ಕುದುರೆ, ಹೇಸರಗತ್ತೆ: ಮಲೆನಾಡಿನಲ್ಲಿ ಜೀನಿಗೆ ಪಳಗಿಸುವವರು ಯಾವುದನ್ನು ಆರಿಸಬೇಕು?

ಅಡಿಕೆ ತೋಟದಲ್ಲಿ ಹಾಳೆ, ಅಂದರೆ ಸೋಗೆಯ ಬುಡದ ದಪ್ಪ ಹೊದಿಕೆ, ಬೀಳುವ ಸದ್ದು ನಮಗೆ ಸದ್ದೇ ಅಲ್ಲ. ಧೊಪ್ ಅಂತ ಬೀಳುತ್ತದೆ, ನಾವು ಮಾತು ಮುಂದುವರಿಸುತ್ತೇವೆ. ಆದರೆ ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಕುದುರೆಗೂ ಹೇಸರಗತ್ತೆಗೂ ಏನು ವ್ಯತ್ಯಾಸ ಅಂತ ನನಗೆ ಕಲಿಸಿದ್ದು ಅದೇ ಹಾಳೆ.

ಸ್ನೇಹಿತನೊಬ್ಬ ರೇಸಿನಿಂದ ನಿವೃತ್ತಿಯಾದ ಕುದುರೆ ತಂದಿದ್ದ. ತೋರಿಸುವ ಖುಷಿಗೆ ನಮ್ಮ ತೋಟದ ದಾರಿಯಲ್ಲಿ ನಡೆಸಿಕೊಂಡು ಬಂದ. ಹತ್ತು ಮಾರು ದೂರದಲ್ಲಿ ಒಂದು ಹಾಳೆ ಬಿತ್ತು. ಕುದುರೆ ಏನು ಎತ್ತ ಅಂತ ನೋಡಲಿಲ್ಲ. ಅವನ ಕೈಯಿಂದ ಹಗ್ಗ ಕಿತ್ತುಕೊಂಡು, ಅಗಳಿನ ಕಂದಕ ಹಾರಿ, ಡಾಂಬರು ರಸ್ತೆ ಸೇರಿದ ಮೇಲೆಯೇ ನಿಂತಿದ್ದು. ಅವನ ಅಂಗೈ ಸಿಪ್ಪೆ ಸುಲಿದು ಹೋಗಿತ್ತು.

ಮುಂದಿನ ವರ್ಷ ನನ್ನ ಹೇಸರಗತ್ತೆ ಕೆಂಚಿ ಅದೇ ದಾರಿಯಲ್ಲಿ ಬಂದಳು. ಹಾಳೆಯೂ ಬಿತ್ತು. ಅವಳು ಓಡಲಿಲ್ಲ. ನಾಲ್ಕೂ ಕಾಲು ನೆಲಕ್ಕೆ ನೆಟ್ಟಂತೆ ನಿಂತಳು. ಎರಡು ಉದ್ದ ಕಿವಿ ಹಾಳೆಯ ಕಡೆಗೆ, ಮೂಗಿನ ಹೊಳ್ಳೆ ಅಗಲ. ನಾನು ಹಗ್ಗ ಎಳೆದೆ. ಇನ್ನೂ ಗಟ್ಟಿಯಾಗಿ ನಿಂತಳು. ಅಡಿಕೆ ಕೊನೆ ಕೊಯ್ಯಲು ಬಂದಿದ್ದ ಹಿರಿಯರೊಬ್ಬರು ಮರದ ಮೇಲಿಂದಲೇ ಕೂಗಿದರು: "ಅಯ್ಯಾ, ಎಳೀಬೇಡಿ. ಅದು ನೋಡಿ ಮುಗಿಸ್ಲಿ." ಹಗ್ಗ ಸಡಿಲ ಬಿಟ್ಟೆ. ಒಂದೈದು ನಿಮಿಷ ಆಗಿರಬೇಕು. ಆಮೇಲೆ ಅವಳೇ ಮುಂದೆ ಹೋಗಿ ಹಾಳೆಯನ್ನು ಮೂಸಿ, ಅದರ ತುದಿಯಲ್ಲಿದ್ದ ಹಸಿರು ಸೋಗೆಯನ್ನು ಕಚ್ಚಿದಳು.

ಈಗ ಹೋಂಸ್ಟೇ ಇಟ್ಟವರು, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವರು, ಮಕ್ಕಳಿಗೆ ಸವಾರಿ ಕಲಿಸುವ ಆಸೆ ಇರುವವರು ಫೋನ್ ಮಾಡಿ ಕೇಳುತ್ತಾರೆ: "ಯಾವ ಕುದುರೆ ತಗೊಳ್ಳೋಣ?" ನನಗೆ ಈ ಪ್ರಶ್ನೆಯೇ ಹಿಂದುಮುಂದು ಅನಿಸುತ್ತದೆ. ಪ್ರಾಣಿ ಆಮೇಲೆ. ಅದನ್ನು ದಿನಾ ಅರ್ಧ ಗಂಟೆ ಹಿಡಿದು ನಿಲ್ಲುವವರು ಯಾರು? ಅದು ಮೊದಲು ತೀರ್ಮಾನ ಆಗಲಿ.

ಪಳಗಿದ್ದನ್ನು ತರುವುದೋ, ತಂದು ಪಳಗಿಸುವುದೋ

ನೀವು ಈವರೆಗೆ ಕುದುರೆಯ ಗೊರಸು ಎತ್ತಿ ನೋಡಿಲ್ಲ ಅಂದರೆ ಪಳಗಿದ ಪ್ರಾಣಿಯನ್ನೇ ತನ್ನಿ. ಇದರಲ್ಲಿ ಎರಡನೇ ಮಾತಿಲ್ಲ. ಹಸಿ ಕುದುರೆ, ಹಸಿ ಸವಾರ ಇಬ್ಬರೂ ಸೇರಿದರೆ ಒಬ್ಬರಿಗೆ ಪೆಟ್ಟಾಗುತ್ತದೆ. ಸಾಮಾನ್ಯವಾಗಿ ಇಬ್ಬರಿಗೂ. "ಮರಿ ತಂದರೆ ನಮ್ಮ ಜೊತೆ ಬೆಳೆದು ಹೊಂದಿಕೊಳ್ಳುತ್ತೆ" ಅನ್ನುವವರು ತುಂಬಾ ಜನ. ನಾಯಿಮರಿಗೆ ಆ ಮಾತು ಸರಿ. ಮುದ್ದಿನಲ್ಲಿ ಬೆಳೆದ ಕುದುರೆಮರಿ ಮಾತ್ರ ಮೂರು ವರ್ಷಕ್ಕೆ ಮನುಷ್ಯನ ಮೈಮೇಲೆ ಕಾಲಿಡಲು ಹೆದರದ ಮುನ್ನೂರು ಕಿಲೋ ಪುಂಡ ಆಗಿರುತ್ತದೆ.

ಪಳಗಿದ್ದು ಅಂತ ಮಾರುವವರ ಮಾತನ್ನು ಹಾಗೇ ನಂಬಬೇಡಿ. ನೋಡಲು ಹೋದಾಗ ಕುದುರೆಗೆ ಆಗಲೇ ಜೀನು ಹಾಕಿ ನಿಲ್ಲಿಸಿದ್ದರೆ ಬಿಚ್ಚಲು ಹೇಳಿ. ಬೆನ್ನು ಬೆವರಿನಿಂದ ಒದ್ದೆ ಇದ್ದರೆ ನೀವು ಬರುವ ಮುಂಚೆ ಓಡಿಸಿ ಸುಸ್ತು ಮಾಡಿದ್ದಾರೆ ಅಂತ ಅರ್ಥ. ಬಯಲಿನಿಂದ ಅದನ್ನು ಹಿಡಿದು ತರುವುದನ್ನು ನೋಡಬೇಕು. ನಾಲ್ಕೂ ಕಾಲು ಎತ್ತಿಸಬೇಕು. ಮಾರುವವರೇ ಮೊದಲು ಹತ್ತಲಿ. ಹತ್ತುವಾಗ ನಿಲ್ಲುತ್ತದಾ, ಲಾಯದಿಂದ ದೂರ ಒಂಟಿಯಾಗಿ ಹೋಗುತ್ತದಾ, ಅದನ್ನು ನೋಡಿ. ಲಾಯದ ಕಡೆಗೆ ಬರುವಾಗ ಎಲ್ಲ ಕುದುರೆಯೂ ಒಳ್ಳೆಯದೇ. ಸಾಧ್ಯವಾದರೆ ಮರುದಿನ ಹೇಳದೆ ಕೇಳದೆ ಇನ್ನೊಮ್ಮೆ ಹೋಗಿ.

ದಿಬ್ಬಣದ ಕುದುರೆಯ ಬಗ್ಗೆ ಒಂದು ಮಾತು. ಪಟಾಕಿ, ಬ್ಯಾಂಡು, ಜನಜಂಗುಳಿ ಯಾವುದಕ್ಕೂ ಜಗ್ಗುವುದಿಲ್ಲ, ಹಾಗಾಗಿ ಇದು ಚೆನ್ನಾಗಿ ಪಳಗಿದೆ ಅಂತ ಜನ ಮೋಸ ಹೋಗುತ್ತಾರೆ. ಅದಕ್ಕೆ ಗೊತ್ತಿರುವುದು ಎರಡೇ ಕೆಲಸ. ಒಬ್ಬರು ಮುಂದೆ ಹಿಡಿದು ನಡೆಸಿದರೆ ನಡೆಯುವುದು, ಕಡಿವಾಣ ಜಗ್ಗಿದರೆ ಕುಣಿಯುವುದು ಇಲ್ಲವೇ ಮುಂಗಾಲೆತ್ತುವುದು. ನಿಲ್ಲಿಸಲು ಲಗಾಮು ಎಳೆದಾಗ ಅದು ಎರಡು ಕಾಲ ಮೇಲೆ ಎದ್ದರೆ ತಪ್ಪು ಕುದುರೆಯದ್ದಲ್ಲ. ಅದಕ್ಕೆ ಕಲಿಸಿದ್ದೇ ಹಾಗೆ.

ವಯಸ್ಸನ್ನು ಹಲ್ಲಿನಲ್ಲಿ ನೋಡುವುದು ದನ ಕೊಳ್ಳುವ ನಮಗೆ ಹೊಸತಲ್ಲ. ದನಕ್ಕೆ ಮೇಲಿನ ಮುಂಬಲ್ಲು ಇಲ್ಲ, ಕುದುರೆಗೆ ಮೇಲೂ ಇದೆ ಕೆಳಗೂ ಇದೆ, ಅಷ್ಟೇ ವ್ಯತ್ಯಾಸ. ಮುಂದಿನ ನಡುವಿನ ಜೋಡಿ ಸುಮಾರು ಎರಡೂವರೆ ವರ್ಷಕ್ಕೆ ಬದಲಾಗುತ್ತದೆ. ಪಕ್ಕದ ಜೋಡಿ ಮೂರೂವರೆಗೆ, ಮೂಲೆಯದು ನಾಲ್ಕೂವರೆಗೆ. ಐದಕ್ಕೆ ಬಾಯಿ ತುಂಬುತ್ತದೆ. ಮೂರು ತುಂಬದ ಪ್ರಾಣಿಯ ಬೆನ್ನ ಮೇಲೆ ಕೂರಬೇಡಿ. ಮೊಣಕಾಲಿನ ಎಲುಬು ಎರಡೂವರೆ ವರ್ಷದ ಹೊತ್ತಿಗೆ ಬಲಿತರೂ ಬೆನ್ನೆಲುಬು ಪೂರ್ತಿ ಬಲಿಯಲು ಐದು ವರ್ಷ ದಾಟುತ್ತದೆ. ಮೂರಕ್ಕೆ ನೆಲದ ಪಾಠ ಶುರು ಮಾಡಿ. ನಾಲ್ಕಕ್ಕೆ ಹಗುರ ಸವಾರಿ. ಹೇಸರಗತ್ತೆ ಇನ್ನೂ ನಿಧಾನ, ಅದಕ್ಕೆ ಒಂದು ವರ್ಷ ಹೆಚ್ಚು ಕೊಡಿ.

ಕಲಿಸುವವರು ಯಾರು?

ಇಲ್ಲಿ ದಾರಿ ಮೂರು. ಪ್ರಾಣಿಯನ್ನು ಕಲಿಸುವವರ ಹತ್ತಿರ ಬಿಟ್ಟು ಬರುವುದು, ಅವರನ್ನೇ ಮನೆಗೆ ಕರೆಸುವುದು, ನೀವೇ ಕಲಿಸುವುದು.

ಬಿಟ್ಟು ಬರಬೇಕು ಅಂದರೆ ಬೆಂಗಳೂರು, ಮೈಸೂರಿನ ಕಡೆ ನೋಡಬೇಕು. ರೇಸು, ಪೊಲೀಸ್ ಅಶ್ವದಳ, ಸವಾರಿ ಶಾಲೆ ಎಲ್ಲ ಇರುವುದು ಅಲ್ಲೇ, ಹಾಗಾಗಿ ಕೈ ಪಳಗಿದವರೂ ಅಲ್ಲೇ. ಕೆಲಸ ಚೆನ್ನಾಗಿಯೇ ಆಗುತ್ತದೆ. ತೊಂದರೆ ಶುರುವಾಗುವುದು ವಾಪಸ್ ತಂದ ಮೇಲೆ. ಸಮತಟ್ಟು ಮರಳಿನ ಅಂಗಳದಲ್ಲಿ ಕಲಿತದ್ದು ನಮ್ಮ ಇಳಿಜಾರು, ಹಳ್ಳ, ಸಂಕ, ದಣಪೆ ಯಾವುದನ್ನೂ ಕಂಡಿರುವುದಿಲ್ಲ. ಅದಕ್ಕಿಂತ ಮುಖ್ಯ, ಅದು ಕಲಿತದ್ದು ಅವರ ಕೈಯ ಭಾಷೆ. ನಿಮ್ಮದನ್ನಲ್ಲ. ಕಳಿಸುವುದಾದರೆ ಕೊನೆಯ ಎರಡು ವಾರ ನೀವೂ ಅಲ್ಲಿದ್ದು ಅದರ ಮೇಲೆಯೇ ಕಲಿಯಿರಿ. ಅದಕ್ಕೆ ಪುರಸೊತ್ತಿಲ್ಲ ಅಂದರೆ ಸುಮ್ನೆ ದುಡ್ಡು ದಂಡ.

ಮನೆಗೆ ಕರೆಸುವುದು ನನಗೆ ಹೆಚ್ಚು ಹಿಡಿಸಿದ ದಾರಿ. ಆದರೆ ಯಾರನ್ನು ಕರೆಸುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಮ್ಮ ಮೊದಲ ತಟ್ಟುವಿಗೆ, ಅಂದರೆ ಗಿಡ್ಡ ತಳಿಯ ಕುದುರೆಗೆ, ಒಬ್ಬರನ್ನು ಕರೆಸಿದ್ದೆವು. "ಹದಿನೈದೇ ದಿನ, ಮಗು ಕೂತರೂ ಹೋಗುತ್ತೆ" ಅಂದರು. ಮೊದಲ ದಿನವೇ ತಟ್ಟುವನ್ನು ಗಿಡ್ಡ ಹಗ್ಗದಲ್ಲಿ ಕಂಬಕ್ಕೆ ಕಟ್ಟಿ, ಬೆನ್ನ ಮೇಲೆ ಮರಳಿನ ಚೀಲ ಎಸೆದರು. ಅದು ಹಿಂದಕ್ಕೆ ಜಗ್ಗಿ ಜಗ್ಗಿ ಕೊನೆಗೆ ಮಗುಚಿ ಬಿತ್ತು. ಮೂರನೇ ದಿನಕ್ಕೆ ಜಗ್ಗುವುದನ್ನು ಬಿಟ್ಟು ತಲೆ ತಗ್ಗಿಸಿ ನಿಂತಿತು. ಪಳಗಿತು ಅಂದುಕೊಂಡೆವು. ಒಳಗೊಳಗೇ ಅದು ಮನುಷ್ಯರ ಸಹವಾಸವೇ ಸಾಕು ಅಂತ ತೀರ್ಮಾನ ಮಾಡಿತ್ತು ಅಂತ ಕಾಣುತ್ತದೆ. ಎರಡು ತಿಂಗಳಾದ ಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ನನ್ನ ತಮ್ಮನನ್ನು ಎತ್ತಿ ಬಿಸಾಡಿತು. ಕಾಲರ್ ಎಲುಬು ಮುರಿಯಿತು. ಇವತ್ತಿಗೂ ಅದನ್ನು ಕಂಬಕ್ಕೆ ಕಟ್ಟಲಾಗುವುದಿಲ್ಲ.

ಹಾಗಾಗಿ ದಿನದ ಲೆಕ್ಕ ಹೇಳುವವರು ಬೇಡ. ಪ್ರಾಣಿಯನ್ನು ನೋಡುವ ಮೊದಲೇ ದಿನ ಹೇಳಿದರೆ ಅವರು ಹೇಳುತ್ತಿರುವುದು ತಮ್ಮ ಅನುಕೂಲದ ಲೆಕ್ಕ. ಒಳ್ಳೆಯವರು ಮೊದಲ ದಿನ ಹೆಚ್ಚು ಕೆಲಸವನ್ನೇ ಮಾಡುವುದಿಲ್ಲ. ಸುಮ್ಮನೆ ನಿಂತು ನೋಡುತ್ತಾರೆ, ಬಾಯಿ ನೋಡುತ್ತಾರೆ, ಬೆನ್ನು ಒತ್ತಿ ನೋಡುತ್ತಾರೆ. ನಿಮ್ಮ ಕೈಗೂ ಹಗ್ಗ ಕೊಟ್ಟು "ನಡೆಸಿ ನೋಡೋಣ" ಅನ್ನುತ್ತಾರೆ.

ನೀವೇ ಕಲಿಸುವುದಾದರೆ ಎರಡು ಷರತ್ತು. ಸವಾರಿ ಮೊದಲೇ ಬರಬೇಕು. ಮತ್ತೆ ದಿನಾ ಅರ್ಧ ಗಂಟೆ ತಪ್ಪದೆ ಸಿಗಬೇಕು. ಭಾನುವಾರ ಮೂರು ಗಂಟೆ ಒಟ್ಟಿಗೆ ಕಲಿಸುತ್ತೇನೆ ಅನ್ನುವುದು ಆಗದ ಹೋಗದ ಮಾತು. ಕೊನೆ ಕೊಯ್ಲಿನ ಸಮಯದಲ್ಲಿ ಆ ಅರ್ಧ ಗಂಟೆ ಎಲ್ಲಿಂದ ಬರುತ್ತದೆ ಅಂತ ಮೊದಲೇ ಯೋಚನೆ ಮಾಡಿ.

ಈಗ ಪ್ರಾಣಿ

ತಟ್ಟು ಅಂದರೆ ಎಲ್ಲರಿಗೂ ಸಲೀಸು ಅನಿಸುತ್ತದೆ. ಗಿಡ್ಡ, ಗಟ್ಟಿ, ಕಡಿಮೆ ತಿನ್ನುತ್ತದೆ. ದಖ್ಖನಿನ ತಟ್ಟುಗಳು, ಅದರಲ್ಲೂ ಭೀಮಾ ನದಿಯ ಕಡೆಯ ಭೀಮಥಡಿ, ಗುಡ್ಡಗಾಡಿನಲ್ಲಿ ಹೊರೆ ಹೊತ್ತೇ ಹೆಸರಾದವು. ಮಲೆನಾಡಿನ ಕಾಲುದಾರಿಗೆ ಹೇಳಿ ಮಾಡಿಸಿದ ಅಳತೆ. ಒಂದೇ ಅಡ್ಡಿ, ಸವಾರನ ತೂಕ.

ಸವಾರ, ಜೀನು ಎರಡೂ ಸೇರಿ ಪ್ರಾಣಿಯ ತೂಕದ ಐದರಲ್ಲಿ ಒಂದು ಪಾಲು ಮೀರಬಾರದು. ತೂಕ ಹಾಕಲು ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆಯಿರಿ. ಭುಜದ ತುದಿಯಿಂದ ಪಿರ್ರೆಯ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೊಮ್ಮೆ ಗುಣಿಸಿ, 11,880ರಿಂದ ಭಾಗಿಸಿ. ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಬರುತ್ತದೆ. ಸುತ್ತಳತೆ 140, ಉದ್ದ 130 ಇರುವ ತಟ್ಟು ಹೆಚ್ಚುಕಡಿಮೆ 214 ಕಿಲೋ. ಅದು ಹೊರಬಹುದಾದ್ದು 43 ಕಿಲೋ, ಜೀನೂ ಸೇರಿ. ಅಂದರೆ ಆರನೇ ಕ್ಲಾಸಿನ ಹುಡುಗನಿಗೆ ಸರಿ. ಹಬ್ಬಕ್ಕೆ ಬಂದು ಫೋಟೋಗೆ ಹತ್ತುವ ಎಂಬತ್ತು ಕಿಲೋದ ಭಾವನಿಗೆ ಅಲ್ಲ. ಸುತ್ತಳತೆ 175, ಉದ್ದ 155 ಇರುವ ಕುದುರೆ 400 ಕಿಲೋ ಬರುತ್ತದೆ. ಎಂಟು ಕಿಲೋದ ಜೀನು ಕಳೆದರೆ ಸವಾರನಿಗೆ 72 ಉಳಿಯಿತು. ಇದೂ ಸಮತಟ್ಟಿನ ಲೆಕ್ಕ. ಕುಂದಾದ್ರಿಯಂಥ ಏರಿಗೆ ಇನ್ನಷ್ಟು ಕಡಿಮೆ ಹಿಡಿಯಿರಿ.

ತಟ್ಟುವಿನ ಇನ್ನೊಂದು ಫಜೀತಿ ಇದೇ ತೂಕದಿಂದ ಬರುವಂಥದ್ದು. ಕಲಿಸಲು ಬರುವ ದೊಡ್ಡವರು ಅದರ ಮೇಲೆ ಕೂರುವಂತಿಲ್ಲ, ಕೂರಬಹುದಾದ ಮಕ್ಕಳಿಗೆ ಕಲಿಸಲು ಬರುವುದಿಲ್ಲ. ಹಾಗಾಗಿ ತಟ್ಟುವಿಗೆ ಪಾಠ ಎಲ್ಲ ನೆಲದಿಂದಲೇ ಆಗಬೇಕು. ಎರಡು ಉದ್ದ ಹಗ್ಗ ಕಟ್ಟಿ ಹಿಂದಿನಿಂದ ನಡೆಸುತ್ತಾ, ನಿಲ್ಲುವುದು ತಿರುಗುವುದು ಎಲ್ಲ ರೂಢಿ ಮಾಡಿಸಿ ಆಮೇಲೆ ಮಗುವನ್ನು ಕೂರಿಸಬೇಕು.

ರೇಸಿನಿಂದ ಬಂದ ಥರೋಬ್ರೆಡ್ ಕುದುರೆ ಅಗ್ಗಕ್ಕೆ ಸಿಗುತ್ತದೆ, ಕೆಲವು ಸಲ ಪುಕ್ಕಟೆಯಾಗಿಯೂ. ನೋಡಲು ರಾಜನ ಹಾಗೆ. "ಆಗಲೇ ಸವಾರಿ ಗೊತ್ತಲ್ವಾ" ಅಂತ ತರುತ್ತಾರೆ. ಅದಕ್ಕೆ ಗೊತ್ತಿರುವ ಸವಾರಿ ಬೇರೆ. ಎರಡು ವರ್ಷ ತುಂಬುವ ಮೊದಲೇ ಜೀನು ಕಂಡಿರುತ್ತದೆ. ಜಾಕಿಯನ್ನು ಇನ್ನೊಬ್ಬರು ಕಾಲು ಹಿಡಿದು ಎತ್ತಿ ಕೂರಿಸುತ್ತಾರೆ, ಅದು ನಡೆಯುತ್ತಲೇ ಇರುತ್ತದೆ. ರಿಕಾಪಿಗೆ ಕಾಲಿಟ್ಟು ಒಂದು ಪಕ್ಕಕ್ಕೆ ಭಾರ ಬಿಟ್ಟು ಹತ್ತುವುದು ಅದಕ್ಕೆ ಹೊಸತು. ಲಗಾಮು ಬಿಗಿ ಹಿಡಿದರೆ ಅದನ್ನೇ ಊರಿಕೊಂಡು ಇನ್ನೂ ಜೋರಾಗಿ ಓಡುವ ಅಭ್ಯಾಸ ಬೇರೆ. ನಾವು ನಿಲ್ಲಿಸಲು ಎಳೆಯುತ್ತೇವೆ, ಅದು ಹೋಗು ಅಂತ ತಿಳಿಯುತ್ತದೆ. ಕೆಲವು ತಿಂಗಳು ಸವಾರಿಯೇ ಇಲ್ಲದೆ ಬಯಲಿಗೆ ಬಿಟ್ಟು, ರೇಸಿನ ಮೇವು ಇಳಿಸಿ, ಆಮೇಲೆ ಒಂದನೇ ಕ್ಲಾಸಿನಿಂದ ಶುರು ಮಾಡಬೇಕು. ಅನುಭವಸ್ಥರಿಗೆ ಚಿನ್ನದಂಥ ಕುದುರೆ. ತೆಳು ಚರ್ಮ, ತೆಳು ಗೊರಸು, ನಮ್ಮ ಮಳೆ, ಈ ಮೂರೂ ಸೇರಿದರೆ ಮಾತ್ರ ಖರ್ಚು ನಿಲ್ಲುವುದಿಲ್ಲ.

ಮಾರ್ವಾಡಿ, ಕಾಠಿಯಾವಾಡಿ ತಳಿಗಳು ತಟ್ಟು, ಥರೋಬ್ರೆಡ್ ಇವೆರಡರ ನಡುವೆ ಎಲ್ಲೋ ಬರುತ್ತವೆ. ಕಿವಿಯ ತುದಿ ಒಳಕ್ಕೆ ಬಾಗಿರುತ್ತದಲ್ಲ, ಅವೇ. ಒಣ ನಾಡಿನ ಗಟ್ಟಿ ಜೀವ, ಚುರುಕು ಬುದ್ಧಿ. ಮಹಾರಾಷ್ಟ್ರದ ಸಾರಂಗಖೇಡ, ರಾಜಸ್ಥಾನದ ಪುಷ್ಕರದ ಜಾತ್ರೆಗಳಲ್ಲಿ ನೂರಾರು ನಿಂತಿರುತ್ತವೆ. ಅಲ್ಲಿ ಕುಣಿತ ಕಲಿಸಿದ್ದನ್ನು ಬಿಟ್ಟು ಕಲಿಯದ್ದನ್ನೇ ನೋಡಿ. ಹೆಣ್ಣನ್ನೋ ಬೀಜ ತೆಗೆಸಿದ ಗಂಡನ್ನೋ ತನ್ನಿ. ಬೀಜದ ಗಂಡು ಮನೆಯ ಮಟ್ಟಿಗೆ ಬೇಡವೇ ಬೇಡ. ಹೊರ ರಾಜ್ಯದಿಂದ ತರುವಾಗ ಗ್ಲ್ಯಾಂಡರ್ಸ್ ರಕ್ತ ಪರೀಕ್ಷೆಯ ವರದಿ ಕೈಯಲ್ಲಿರಲಿ. ಅದು ಮನುಷ್ಯರಿಗೂ ಅಂಟುವ ರೋಗ, ಕುದುರೆಗೆ ಮದ್ದಿಲ್ಲ.

ಹೇಸರಗತ್ತೆಯ ಬಗ್ಗೆ ನಾನು ಸ್ವಲ್ಪ ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟಿದ್ದು. ಕುದುರೆಯ ಕ್ರೋಮೋಸೋಮು 64, ಕತ್ತೆಯದ್ದು 62, ಇದರದ್ದು 63. ಹಾಗಾಗಿ ಮರಿ ಹಾಕುವುದಿಲ್ಲ. ಆದರೂ ಗಂಡಿಗೆ ಬೀಜ ತೆಗೆಸಲೇಬೇಕು, ಇಲ್ಲದಿದ್ದರೆ ಹತೋಟಿಗೆ ಸಿಗುವುದಿಲ್ಲ. ಮೇವು ಕುದುರೆಗಿಂತ ಕಡಿಮೆ ಸಾಕು. ಗೊರಸು ಸಣ್ಣದು, ಗಟ್ಟಿ, ನೆಟ್ಟಗೆ. ಜಾರುವ ಮುರಕಲ್ಲಿನ ದಾರಿಯಲ್ಲಿ ಅದು ಕಾಲಿಡುವುದನ್ನು ಹಿಂದಿನಿಂದ ನೋಡಬೇಕು. ಒಂದೊಂದು ಹೆಜ್ಜೆಯನ್ನೂ ಆರಿಸಿ ಇಡುತ್ತದೆ. ನಮ್ಮ ಸೈನ್ಯ ಹಿಮಾಲಯದ ಠಾಣೆಗಳಿಗೆ ಸಾಮಾನು ಸಾಗಿಸಲು ಇವುಗಳನ್ನು ನೆಚ್ಚಿಕೊಂಡದ್ದು ಸುಮ್ನೆ ಅಲ್ಲ.

"ಹಟಮಾರಿ" ಅನ್ನುವ ಹೆಸರು ಬಂದಿದ್ದು ಹೆದರಿದಾಗ ಓಡದೆ ನಿಲ್ಲುವುದಕ್ಕೆ. ನಿಂತು ಲೆಕ್ಕ ಹಾಕುತ್ತದೆ. ಆ ಲೆಕ್ಕ ಮುಗಿಯುವ ಮೊದಲು ಹೊಡೆದರೆ, ಆ ಜಾಗಕ್ಕೂ ನಿಮಗೂ ಸೇರಿಸಿ ಒಂದು ಗಂಟು ಹಾಕಿಕೊಳ್ಳುತ್ತದೆ. ಕುದುರೆಗೆ ತಪ್ಪು ಪಾಠ ಕಲಿಸಿದರೆ ತಿದ್ದಬಹುದು. ಹೇಸರಗತ್ತೆಗೆ ತಪ್ಪಾಗಿ ಕಲಿಸಿದರೆ ಅದನ್ನು ಮರೆಸುವುದೇ ಒಂದು ವರ್ಷದ ಕೆಲಸ. ಸರಿಯಾಗಿ ಕಲಿಸಿದರೆ ಎರಡನೇ ಸಲ ಹೇಳಬೇಕಿಲ್ಲ. ಮತ್ತೆ, ಅದು ಒದೆಯುವುದು ಹಿಂದಕ್ಕೆ ಮಾತ್ರ ಅಲ್ಲ, ಪಕ್ಕಕ್ಕೂ ಗುರಿಯಿಟ್ಟು ಒದೆಯುತ್ತದೆ. ಕಿವಿ ಮುಟ್ಟಿಸಿಕೊಳ್ಳುವುದಿಲ್ಲ. ಹಾಗಾಗಿ ಕಿವಿಯ ಮೇಲಿಂದ ಎಳೆದು ತೊಡಿಸುವ ತಲೆಪಟ್ಟಿ ಬೇಡ, ಬಕಲ್ ಬಿಚ್ಚಿ ಹಾಕುವಂಥದ್ದು ಇರಲಿ. ದೊಡ್ಡ ಕೊರತೆ ಅಂದರೆ ನಮ್ಮ ಕಡೆ ಇದು ಸಿಗುವುದೇ ಅಪರೂಪ. ಕೆಂಚಿ ಬಂದದ್ದು ಮಹಾರಾಷ್ಟ್ರದಿಂದ.

ಮುರಿದು ಪಳಗಿಸುವುದೋ, ಮೆಲ್ಲಗೆ ಪಳಗಿಸುವುದೋ

ಸಕ್ರೆಬೈಲಿನ ಆನೆ ಬಿಡಾರದಲ್ಲಿ ಕಾಡಾನೆಗೆ ಮರದ ಕ್ರಾಲ್ (ದಿಮ್ಮಿಗಳ ಬೋನು) ಇರುವುದನ್ನು ನೋಡಿದವರು ಕುದುರೆಗೂ ಹಾಗೇ ಕೂಡಿಹಾಕಿ ಬಗ್ಗಿಸಬೇಕು ಅಂದುಕೊಳ್ಳುತ್ತಾರೆ. ಆನೆ ಬೇರೆ, ಕುದುರೆ ಬೇರೆ. ಕುದುರೆ ಬೇಟೆಗೆ ಸಿಕ್ಕುವ ಪ್ರಾಣಿ. ಬೆನ್ನ ಮೇಲೆ ಭಾರ ಬಿತ್ತು ಅಂದರೆ ಅದರ ರಕ್ತಕ್ಕೆ ಗೊತ್ತಿರುವುದು ಒಂದೇ ಅರ್ಥ, ಹುಲಿ. ಕಟ್ಟಿಹಾಕಿ ಭಾರ ಹೊರಿಸಿದರೆ ಅದು ಕಲಿಯುವುದಿಲ್ಲ, ಸೋಲುತ್ತದೆ. ನಮ್ಮ ತಟ್ಟುವಿನ ಹಾಗೆ.

ಮೆಲ್ಲಗಿನ ದಾರಿಯ ಗುಟ್ಟು ಇಷ್ಟೇ: ಒತ್ತಡ ಕೊಡುವುದು, ಪ್ರಾಣಿ ಸರಿಯಾದ ಕಡೆ ಒಂದು ಕೂದಲೆಳೆಯಷ್ಟು ವಾಲಿದ ಕ್ಷಣವೇ ಬಿಡುವುದು. ಅದು ಕಲಿಯುವುದು ಬಿಟ್ಟಾಗ, ಒತ್ತಿದಾಗ ಅಲ್ಲ. ಹಗ್ಗ ಎಳೆದಾಗ ಒಂದು ಹೆಜ್ಜೆ ಮುಂದಿಟ್ಟರೆ ತಕ್ಷಣ ಸಡಿಲ. ಎರಡು ಸೆಕೆಂಡು ತಡವಾಗಿ ಬಿಟ್ಟರೆ ಅಷ್ಟರಲ್ಲಿ ಅದು ತಲೆ ಕೊಡವಿರುತ್ತದೆ. ತಲೆ ಕೊಡವಿದರೆ ಬಿಡುತ್ತಾರೆ ಅಂತ ಕಲಿಯುತ್ತದೆ.

ಕೆಂಚಿಗೆ ಜೀನು ಹಾಕಿದ ಕತೆ ಹೇಳಿದರೆ ಕ್ರಮ ಗೊತ್ತಾಗುತ್ತದೆ. ದೀಪಾವಳಿ ಕಳೆದು ಶುರು ಮಾಡಿದೆ. ಮನೆ ಹಿಂದಿನ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಜಾಗ ಸವರಿ, ಸೊಂಟದೆತ್ತರ ಗಳ ಕಟ್ಟಿದೆ. ಮೊದಲ ಮೂರು ವಾರ ಬರೀ ಹಾಲ್ಟರ್ (ಕಡಿವಾಣವಿಲ್ಲದ ತಲೆಪಟ್ಟಿ) ಹಾಕಿ ನಡೆಸುವುದು, ನಿಲ್ಲಿಸುವುದು, ಹಿಂದೆ ಸರಿಸುವುದು. ಆಮೇಲೆ ಅಪ್ಪನ ಹಳೆಯ ಕಂಬಳಿ. ಮೊದಲು ಮೂಸಲು ಕೊಟ್ಟೆ. ಭುಜಕ್ಕೆ ಉಜ್ಜಿದೆ. ಬೆನ್ನ ಮೇಲೆ ಹಾಕಿ ತೆಗೆದೆ, ಹಾಕಿ ತೆಗೆದೆ. ಎಡಗಡೆಯಿಂದ ಅವಳಿಗೆ ಅಭ್ಯಾಸ ಆಯಿತು. ಬಲಗಡೆಯಿಂದ ಹೋದರೆ ಮತ್ತೆ ಹೊಸ ಕಂಬಳಿ ಕಂಡಂತೆ ಬೆಚ್ಚಿದಳು. ಇದು ಎಲ್ಲ ಕುದುರೆ ಜಾತಿಗೂ ಇದೆ. ಎಡಗಣ್ಣಿಗೆ ತೋರಿಸಿದ್ದನ್ನು ಬಲಗಣ್ಣಿಗೆ ಬೇರೆಯಾಗಿ ತೋರಿಸಬೇಕು. ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಸುತ್ತೆಲ್ಲ ಕಾಣುತ್ತದೆ, ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕತ್ತಲು. ಆ ಎರಡು ಕಡೆಯಿಂದ ಯಾವತ್ತೂ ಹತ್ತಿರ ಹೋಗಬೇಡಿ.

ಆಮೇಲೆ ಮಳೆಗೆ ತಲೆ ಮೇಲೆ ಹೊದೆಯುವ ಗೊರಬು. ಬೆನ್ನ ಮೇಲೆ ಇಟ್ಟು ಅದರ ಮೇಲೆ ಬೆರಳಿನಿಂದ ಮಳೆ ಸದ್ದು ಮಾಡಿದೆ. ಆಮೇಲೆ ಸಿಮೆಂಟ್ ಚೀಲ, ಕೊಡೆ. ಕೊಡೆ ಬಿಚ್ಚಿದ್ದಕ್ಕೆ ನಾಲ್ಕು ದಿನ ಹಿಡಿಯಿತು. ಜೀನು ಬಂದಿದ್ದು ಏಳನೇ ವಾರ, ಅದೂ ರಿಕಾಪು ಕಳಚಿಟ್ಟು. ಹೊಟ್ಟೆಪಟ್ಟಿಯನ್ನು ಒಂದೇ ಸಲ ಬಿಗಿಯಲಿಲ್ಲ. ಒಂದು ತೂತು, ಹತ್ತು ಹೆಜ್ಜೆ ನಡಿಗೆ, ಇನ್ನೊಂದು ತೂತು. ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಉಸಿರು ಹಿಡಿದಿದ್ದರೆ ಅವಳು ಇನ್ನೂ ಸಿದ್ಧ ಇಲ್ಲ ಅಂತ. ಉಸಿರು ಬಿಟ್ಟು, ತುಟಿ ನೆಕ್ಕಿ, ತಲೆ ಇಳಿಸಿದಾಗ ಬಿಚ್ಚಿ ಹುಲ್ಲಿಗೆ ಬಿಟ್ಟೆ. ಆಮೇಲೆ ರಿಕಾಪು ಜೋಲಾಡಿಸಿಕೊಂಡು ನಡೆಸಿದ್ದು, ಉದ್ದ ಹಗ್ಗದಲ್ಲಿ ಹಿಂದಿನಿಂದ ನಡೆಸಿದ್ದು. ಹತ್ತಿದ ದಿನ ಹತ್ತಲೇ ಇಲ್ಲ ಅನ್ನಬೇಕು. ಕಟ್ಟೆಯ ಮೇಲೆ ನಿಂತು ಅವಳ ಬೆನ್ನ ಮೇಲೆ ಹೊಟ್ಟೆ ಊರಿ ಅಡ್ಡ ಬಿದ್ದೆ, ಇಳಿದೆ, ಅಷ್ಟೇ. ಹೆಂಡತಿ ಜಗಲಿಯಿಂದ ನೋಡಿ "ಅಕ್ಕಿ ಮೂಟೆ ಹಾಗೆ ಕಾಣ್ತಿದ್ದೀರಿ" ಅಂದಳು. ಹೆಲ್ಮೆಟ್ ಹಾಕಿದ ಅಕ್ಕಿ ಮೂಟೆ. ನೆಟ್ಟಗೆ ಕೂತು ನಡೆಸಿದ್ದು ಫೆಬ್ರವರಿಯಲ್ಲಿ. ಕುಕ್ಕುಲೋಟ ಶಿವರಾತ್ರಿ ಕಳೆದ ಮೇಲೆ.

ಗುಂಡಗೆ ಸುತ್ತಿಸುವ ಲಂಜಿಂಗ್ ಬಗ್ಗೆ ಎಚ್ಚರ. ಸುಸ್ತು ಮಾಡಿಸಲು ಗಂಟೆಗಟ್ಟಲೆ ಸುತ್ತಿಸುವುದು ಎಳೆಯ ಕೀಲಿಗೆ ಕೇಡು. ದೊಡ್ಡ ಸುತ್ತು, ಹತ್ತು ಹದಿನೈದು ನಿಮಿಷ, ಎರಡೂ ಕಡೆಗೆ ಸಮ. ಜಾಸ್ತಿ ಬೇಡ.

ಕಡಿವಾಣ, ಜೀನು

ಬಾಯಿಗೆ ಕಬ್ಬಿಣವೇ ಬೇಕಾ ಅಂದರೆ ಶುರುವಿಗೆ ಬೇಡ. ಹಾಲ್ಟರಿನಿಂದಲೇ ನಿಲ್ಲುವುದು, ತಿರುಗುವುದು ಬಂದ ಮೇಲೆ ನಯವಾದ, ದಪ್ಪನೆಯ, ನಡುವೆ ಕೀಲಿರುವ ಸ್ನ್ಯಾಫಲ್ ಕಡಿವಾಣ ಸಾಕು. ತೆಳುವಾದಷ್ಟೂ ಅದು ಬಾಯಿಗೆ ಕತ್ತಿ. ಮುಂಬಲ್ಲಿಗೂ ದವಡೆ ಹಲ್ಲಿಗೂ ನಡುವೆ ಇರುವ ಬರಿ ವಸಡಿನ ಮೇಲೆ ಅದು ಕೂರುತ್ತದೆ ಅನ್ನುವುದನ್ನು ನೆನಪಿಡಿ. ಜಾತ್ರೆಗಳಲ್ಲಿ ಮುಳ್ಳಿನ ಕಡಿವಾಣ ಈಗಲೂ ನೇತುಹಾಕಿರುತ್ತಾರೆ. ಪ್ರಾಣಿ ಹಿಂಸೆ ತಡೆಯುವ 1965ರ ನಿಯಮಗಳ ಪ್ರಕಾರ ಅದು ನಿಷಿದ್ಧ.

ಜೀನು ಮಾತ್ರ ಆ ಪ್ರಾಣಿಯ ಬೆನ್ನಿನ ಅಳತೆಗೇ ಆಗಬೇಕು. ಸವಾರ ಕೂತಾಗಲೂ ಹೆಗಲ ಎಲುಬಿಗೂ ಜೀನಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಹೇಸರಗತ್ತೆಗೆ ಹೆಗಲ ಉಬ್ಬು ಕಡಿಮೆ, ಬೆನ್ನು ನೇರ. ಇಳಿಜಾರಿನಲ್ಲಿ ಕುದುರೆಯ ಜೀನು ಮುಂದಕ್ಕೆ ಜಾರಿ ಕುತ್ತಿಗೆಗೆ ಬಂದು ಕೂರುತ್ತದೆ. ಬಾಲದ ಕೆಳಗೆ ಹಾದುಹೋಗುವ ಪಟ್ಟಿ ಹಾಕಿದರೆ ಜಾರುವುದು ನಿಲ್ಲುತ್ತದೆ. ಆದರೆ ಬಾಲದಡಿ ಏನೋ ತಾಗಿದರೆ ಒದೆಯದ ಪ್ರಾಣಿ ಇಲ್ಲ, ಹಾಗಾಗಿ ಸವಾರಿಗೆ ಮುಂಚೆ ವಾರಗಟ್ಟಲೆ ಅದಕ್ಕೂ ರೂಢಿ ಮಾಡಿಸಬೇಕು. ಕೆಂಚಿಗೆ ಮೊದಲು ಹಗ್ಗ, ಆಮೇಲೆ ಬಟ್ಟೆ ಸುತ್ತಿದ ಹಗ್ಗ, ಆಮೇಲೆ ಪಟ್ಟಿ.

ಮಳೆಯ ಮೊದಲೋ, ನಂತರವೋ

ಬೇಸಿಗೆ ರಜೆ ಅಂತ ಏಪ್ರಿಲ್‌ನಲ್ಲಿ ಶುರು ಮಾಡುವವರೇ ಹೆಚ್ಚು. ಅರ್ಧ ಕಲಿಯುವಷ್ಟರಲ್ಲಿ ಜೂನ್ ಬರುತ್ತದೆ. ಆಮೇಲೆ ನಾಲ್ಕು ತಿಂಗಳು ಬ್ಯಾಣ ಕೆಸರು, ದಾರಿ ಪಾಚಿ, ಉಂಬಳ. ಅಕ್ಟೋಬರಿಗೆ ಮತ್ತೆ ಮೊದಲಿನಿಂದ. ಮಳೆ ನಿಂತ ಮೇಲೆ ಶುರು ಮಾಡಿದರೆ ಆರು ತಿಂಗಳು ಒಂದೇ ಸಮ ಸಿಗುತ್ತದೆ. ಅದರಲ್ಲೂ ಒಂದು ತೊಡಕಿದೆ. ಆ ಒಣ ತಿಂಗಳುಗಳೇ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಅದು ಮೊದಲು ಕಂಡಿದ್ದು ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಹಾಗಾಗಿ ಪಾಠ ಬ್ಯಾಣದಲ್ಲಿ, ಹುಲ್ಲು ಸವರಿದ ಜಾಗದಲ್ಲಿ ನಡೆಯಲಿ. ಕಾನಿನ ದಾರಿ ಹಿಡಿಯಬೇಕಾದರೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ. ಬಂದ ಮೇಲೆ ಪ್ರಾಣಿಯ ಕಿವಿ, ತೊಡೆಸಂದು, ಬಾಲದ ಬುಡ ಎಲ್ಲ ತಡಕಿ ನೋಡಿ.

ಮಳೆಗಾಲದಲ್ಲಿ ಅದು ನಿಲ್ಲುವ ಜಾಗ ಹೇಗಿದೆ ಅನ್ನುವುದೂ ಪಾಠದಷ್ಟೇ ಮುಖ್ಯ. ದನದ ಕೊಟ್ಟಿಗೆಯ ಹಾಗೆ ಸೊಪ್ಪು ಹಾಸಿ, ಅದರ ಮೇಲೆ ಸೊಪ್ಪು ಹಾಸಿ ಗೊಬ್ಬರ ಮಾಡುವ ನಮ್ಮ ಪದ್ಧತಿ ಕುದುರೆಗೆ ಆಗಿಬರುವುದಿಲ್ಲ. ಒದ್ದೆ ಹಾಸಿನಲ್ಲಿ ಗೊರಸಿನ ತಳ ಕೊಳೆತು ಕಪ್ಪಗೆ ನಾರುತ್ತದೆ. ಒಣ ನೆಲ, ಒಣ ಹಾಸು, ದಿನಾ ಗೊರಸು ಕೆರೆಯುವುದು ತಪ್ಪಬಾರದು. ಬೂಷ್ಟು ಹಿಡಿದ ಹುಲ್ಲು ಹಾಕಲೇಬೇಡಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆನೋವು ಬಂದರೆ ಜೀವಕ್ಕೇ ಬರುತ್ತದೆ. ಧನುರ್ವಾಯು ಚುಚ್ಚುಮದ್ದು ವರ್ಷವರ್ಷ ಹಾಕಿಸಿ. ಏನಾದರೂ ಅನುಮಾನ ಬಂದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಇನ್ನು ಎತ್ತಿಗೆ ಲಾಳ ಹೊಡೆಯುವವರ ಕೈಗೆ ಕುದುರೆಯ ಕಾಲು ಕೊಡಬೇಡಿ. ಎತ್ತಿನ ಗೊರಸು ಸೀಳು, ಲಾಳವೂ ಎರಡು ತುಂಡು. ಕುದುರೆಯದ್ದು ಒಂದೇ ಗೊರಸು, ಮೊಳೆ ಒಂದು ನೂಲು ಒಳಗೆ ಹೋದರೂ ಕುಂಟು. ಕೆಂಚಿಗೆ ನಾನು ಲಾಳವನ್ನೇ ಹೊಡೆಸಿಲ್ಲ. ಆರೆಂಟು ವಾರಕ್ಕೊಮ್ಮೆ ಗೊರಸು ಸವರಿಸುತ್ತೇನೆ.

ಚರ್ಮದ ಜೀನೋ ಸಿಂಥೆಟಿಕ್ ಜೀನೋ ಅನ್ನುವ ಪ್ರಶ್ನೆಗೆ ಮಲೆನಾಡಿನಲ್ಲಿ ಉತ್ತರ ಸುಲಭ. ಕಾನ್ಪುರದ ಚರ್ಮದ ಜೀನು ನೋಡಲು ಚೆಂದ, ಕೂರಲು ಸುಖ. ಆಷಾಢದ ಹೊತ್ತಿಗೆ ಅದರ ಮೇಲೆ ಬಿಳಿ ಬೂಷ್ಟು. ಮೊದಲ ವರ್ಷ ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದ್ದೆ. ಗಣಪತಿ ಹಬ್ಬಕ್ಕೆ ಇಳಿಸಿ ನೋಡಿದರೆ ಹಪ್ಪಳದ ಹಾಗೆ ಸೆಟೆದಿತ್ತು, ಹೊಟ್ಟೆಪಟ್ಟಿ ಮಡಚಿದಲ್ಲೇ ಬಿರುಕು. ಈಗ ಸಿಂಥೆಟಿಕ್ ಒಂದು ತಂದಿದ್ದೇನೆ. ಹಳೆಯದನ್ನು ಜಗಲಿಯ ಕಟ್ಟೆಗೆ ಹಾಕಿಟ್ಟಿದ್ದೇವೆ, ಮಳೆ ದಿನಗಳಲ್ಲಿ ಮಕ್ಕಳು ಅದರ ಮೇಲೆ ಕೂತು ಹಾರಿ ಹಾರಿ ಸವಾರಿ ಮಾಡುತ್ತಾರೆ.